ಮೂರು ಹುಲಿಯ ದೊರೆ

ಶಿರಾ ಬಸ್ ಸ್ಟ್ಯಾಂಡಿನ ಹೊರಗೆ, ಬೇವಿನ ಮರದ ಕೆಳಗೆ ಓಮ್ನಿ ನಿಲ್ಲಿಸಿಕೊಳ್ಳುವ ಭೀಮರಾಜುವಿಗೆ ಸಿಟ್ಟು ಮೂಗಿನ ತುದಿಯವರೆಗೆ ಬಂದು ನಿಲ್ಲುವುದಲ್ಲ, ಅಲ್ಲೇ ಮನೆ ಕಟ್ಟಿಕೊಂಡಿತ್ತು. ಬಾಡಿಗೆಗೆ ಬಂದವರು ಕಿಟಕಿಯಿಂದ ಬಾಳೆಹಣ್ಣಿನ ಸಿಪ್ಪೆ ಎಸೆದರೆ ಗಾಡಿ ನಿಲ್ಲಿಸಿ, ಅವರನ್ನು ಇಳಿಸಿ, ಸಿಪ್ಪೆ ಹೆಕ್ಕಿಸಿ, ಆಮೇಲೆ ಹತ್ತಿಸಿಕೊಳ್ಳುತ್ತಿದ್ದ. ಮಧುಗಿರಿ ಬೆಟ್ಟದ ಬಂಡೆಯ ಮೇಲೆ ತನ್ನ ಹೆಸರು, ಹುಡುಗಿಯ ಹೆಸರು ಕೆತ್ತುತ್ತಿದ್ದ ಕಾಲೇಜಿನವನೊಬ್ಬನಿಗೆ, "ನಿಮ್ಮಪ್ಪನ ಬೆನ್ನಿನ ಮೇಲೆ ಕೆತ್ತೋಗ್ಲಾ" ಎಂದು ಬೈದುಕೊಂಡು ಅರ್ಧ ಬೆಟ್ಟ ಇಳಿಸಿಕೊಂಡು ಬಂದಿದ್ದ. ಅವತ್ತಿನ ಬಾಡಿಗೆ ಅಲ್ಲಿಗೇ ಮುಗಿಯಿತು. ಹೋಗಲಿ ಬಿಡು ಎಂದುಕೊಂಡವನಲ್ಲ, ಹುಡುಗನ ಕಾಲೇಜಿಗೂ ಹೋಗಿ ಬೈದು ಬಂದ.

ವಯಸ್ಸು ನಲವತ್ತೇಳು. ಓದು ನಾಲ್ಕನೇ ಕ್ಲಾಸಿಗೇ ನಿಂತಿತ್ತು. ಮೇಷ್ಟ್ರು ಹೊಡೆದರೆಂದು ಸ್ಲೇಟನ್ನು ಅವರ ಕಾಲ ಮೇಲೆ ಬೀಳಿಸಿ ಹೊರಗೆ ಬಂದವನು ಮತ್ತೆ ಆ ಬಾಗಿಲು ತುಳಿಯಲಿಲ್ಲ. ಕನ್ನಡ ಪೇಪರನ್ನು ಬೆರಳಿಟ್ಟುಕೊಂಡು ಓದುತ್ತಿದ್ದ. ಇಂಗ್ಲಿಷ್ ಎಂದರೆ ಗಾಡಿಯ ನಂಬರ್ ಪ್ಲೇಟಿನ ಎರಡು ಅಕ್ಷರ ಮತ್ತು ಅಂಕಿಗಳು, ಅಷ್ಟೆ. ಆದರೆ ಕೊರಟಗೆರೆಯ ಸಿದ್ದರಬೆಟ್ಟದ ಗುಹೆಯಲ್ಲಿ ಎಲ್ಲಿ ತಲೆ ಬಗ್ಗಿಸಬೇಕು, ಮಧುಗಿರಿಯ ಬಂಡೆ ಎಷ್ಟು ಹೊತ್ತಿಗೆ ಕಾದ ಹೆಂಚಾಗುತ್ತದೆ, ಪಾವಗಡದ ಕೋಟೆಯಲ್ಲಿ ಗಾಳಿ ಯಾವ ಬಾಗಿಲಿಂದ ನುಗ್ಗುತ್ತದೆ, ಇದೆಲ್ಲ ಅವನಿಗೆ ಅಂಗೈ ನೆಲ್ಲಿಕಾಯಿ. ಇಪ್ಪತ್ತೆರಡು ವರ್ಷದಿಂದ ಜನರನ್ನು ಹತ್ತಿಸಿ ಇಳಿಸಿ ಬಂದಿದ್ದ.

ಈಗ ಅದಕ್ಕೂ ಒಂದು ಕಾರ್ಡು ಬೇಕೆಂದು ಬಂದಿತ್ತು. ತುಮಕೂರಿನ ಕಡೆಯ ಯಾವುದೋ ಸಮಿತಿಯೊಂದು 'ಬೆಟ್ಟಗಳು ಮತ್ತು ಬ್ರಿಟಿಷರ ಕಾಲದ ಊರುಗಳು' ಎಂದು ಎರಡು ದಿನದ ಪ್ರವಾಸ ಶುರುಮಾಡುವುದಿತ್ತು. ಜನರಿಗೆ ಜಾಗ ತೋರಿಸುವವರು ಕೊರಳಿಗೆ ಸಮಿತಿಯ ಕಾರ್ಡು ಹಾಕಿಕೊಂಡಿರಬೇಕು. ಕಾರ್ಡಿಲ್ಲದವನು ಗಾಡಿ ಹೊಡೆದುಕೊಂಡು ಬರಬಹುದು, ಆದರೆ ಪಾರ್ಕಿಂಗಿನಲ್ಲಿ ಕೂತಿರಬೇಕು. ಕಾರ್ಡಿಗೆ ಹತ್ತನೇ ಕ್ಲಾಸು ಪಾಸಾಗಿರಬೇಕು. ಒಂದೇ ಒಂದು ಸಂದು ಇತ್ತು: ಸ್ಥಳದ ವಿಷಯ ವಿಶೇಷವಾಗಿ ಬಲ್ಲವನೆಂದು ಸಮಿತಿಯವರೇ ಕಣ್ಣಾರೆ ಕಂಡು ಬರೆದುಕೊಟ್ಟರೆ ಓದು ಕೇಳುವುದಿಲ್ಲ. ಮಗಳು ಸಹನಾ ಅರ್ಜಿ ತುಂಬಿದಳು. ಕಂಡು ಬರೆಯುವುದಕ್ಕೆ ಪ್ರಸನ್ನ ಕುಮಾರ್ ಎಂಬ ಸಾಹೇಬರು ಬರುವುದೆಂದು ಗೊತ್ತಾಯಿತು.

"ಅಪ್ಪಾ, ಎರಡೇ ದಿನ. ಬಾಯಿಗೆ ಬೀಗ ಹಾಕ್ಕೊ," ಎಂದಳು ಸಹನಾ.

"ನಾನೇನ್ ಬಾಯಿ ಬಡುಕನಾ?"

"ಅಲ್ಲ. ಬಾಯಲ್ಲಿ ಬಡಿಯೋನು."

ಭೀಮರಾಜು ಗಾಡಿಯ ಮುಂದೆ ಅಂಟಿಸಿದ್ದ ಸಣ್ಣ ಬುದ್ಧನ ಧೂಳು ಒರೆಸಿ, ಆಯಿತು ಎಂದ.

ಮೊದಲ ದಿನ ಬೀಗ ಹೇಗೋ ನಿಂತಿತು. ಸಿದ್ದರಬೆಟ್ಟದಲ್ಲಿ ಎಂದೂ ಬತ್ತದ ನೀರಿನ ಮುಂದೆ ನಿಂತು ಪ್ರಸನ್ನ ಕುಮಾರ್, "ಇದಕ್ಕೆ ಫಿಲ್ಟರ್ ವ್ಯವಸ್ಥೆ ಏನಾದ್ರೂ ಇದೆಯೇನ್ರಿ?" ಎಂದರು. ಮಧುಗಿರಿಯಲ್ಲಿ ಕೋಟೆಯ ಎರಡನೇ ಬಾಗಿಲಿಗೆ ಮಂಡಿ ಹಿಡಿದು ಕೂತುಬಿಟ್ಟು, ಮೇಲಿನದೆಲ್ಲ ಹೇಗಿದೆ ಎಂದು ಬಾಯಲ್ಲೇ ಹೇಳಿಸಿಕೊಂಡರು. ಭೀಮರಾಜು ಹಲ್ಲು ಕಚ್ಚಿಕೊಂಡು ಹೇಳಿದ. ಬಂಡೆಯ ಮೇಲೆ ಹೊಸದಾಗಿ ಇನ್ನೂ ನಾಲ್ಕು ಹೆಸರು ಬಂದಿದ್ದವು. ಅದನ್ನೂ ನೋಡಿ ನೋಡದವನಂತೆ ಇಳಿದ.

ಎರಡನೇ ದಿನ ಪಾವಗಡ. ಸಾಹೇಬರು ಕೋಟೆ ಬೆಟ್ಟವನ್ನು ಗಾಡಿಯೊಳಗಿಂದಲೇ ನೋಡಿದರು. ರಾಯಚರ್ಲು ಕಡೆಯ ಸೋಲಾರ್ ಪ್ಯಾನೆಲ್ಲುಗಳ ಮುಂದೆ ಮಾತ್ರ ಒಂದು ಗಂಟೆ ನಿಂತು ಫೋಟೊ ತೆಗೆದರು.

"ನೋಡ್ರಿ, ಸಮುದ್ರ ಇದ್ದಂಗಿದೆ. ಇದಲ್ವಾ ವಂಡರ್ ಅಂದ್ರೆ!"

"ವಂಡರ್ರು ಅಲ್ಲೈತೆ ಸಾ," ಎಂದು ಭೀಮರಾಜು ಹಿಂದೆ ಬಿಟ್ಟು ಬಂದ ಬೆಟ್ಟದ ಕಡೆ ಕೈ ತೋರಿಸಿದ. "ಇದು ಕರೆಂಟು."

ಟೀ ಅಂಗಡಿಯ ಮುದುಕಿ ಲೋಟ ಕೊಡುತ್ತ, "ಏಮಪ್ಪಾ ಭೀಮರಾಜು, ಏನು ಇವತ್ತು ಇಷ್ಟು ಮೆಲ್ಲಗೆ ಮಾತಾಡ್ತಾ ಇದೀಯ, ಒಳ್ಳು ಬಾಗಲೇದಾ? ಮೈಗೆ ಹುಷಾರಿಲ್ವಾ?" ಎಂದಳು. ಭೀಮರಾಜು ಅವಳ ಕಡೆ ಬಿಟ್ಟ ನೋಟದಲ್ಲಿ ಎರಡು ದಿನದ ಸಿಟ್ಟೂ ಇತ್ತು.

ಶಿರಾಕ್ಕೆ ಬರುವಷ್ಟರಲ್ಲಿ ಓಮ್ನಿಯ ಹಿಂದಿನ ಗಾಜು ರಾಯಚರ್ಲಿನ ಧೂಳಿನಿಂದ ಹಿಟ್ಟು ಬಳಿದಂತಾಗಿತ್ತು. ಊರಾಚೆ ಒಂದು ಹಳೇ ಬಂಗಲೆ ಇತ್ತು, ಬ್ರಿಟಿಷರ ಕಾಲದ್ದು. ಅದಕ್ಕೆ ಬೀಗ ಹಾಕಿತ್ತು. ಕೀ ಇದ್ದವರು ಮದುವೆಗೆ ಹೋಗಿದ್ದರು. ಪ್ರಸನ್ನ ಕುಮಾರ್ ವಾಚು ನೋಡಿಕೊಂಡರು.

"ಎರಡು ದಿನ ಆಯ್ತು ಭೀಮರಾಜು. ಬೆಟ್ಟ ನೋಡಿದ್ದಾಯ್ತು. ಬ್ರಿಟಿಷರದ್ದು ಒಂದೂ ಇಲ್ಲ. ನಿಮ್ಮ ಅರ್ಜೀಲಿ ಒಂದು ಗೋರಿ ಅಂತ ಬರೆದಿದ್ರಲ್ಲ, ಅದರ ಮೇಲಿನ ಬರಹದ ಫೋಟೊ ಸಿಕ್ಕಿದ್ರೆ ನಾನು ಧೈರ್ಯವಾಗಿ ಬರೆದುಕೊಡ್ತೀನಿ. ಇಲ್ದಿದ್ರೆ ಕಷ್ಟ."

"ಐತೆ ಸಾ. ಅದು ನಮ್ಮನೇದು ಇದ್ದಂಗೆ," ಎಂದ ಭೀಮರಾಜು. ಎರಡು ದಿನದಲ್ಲಿ ಮೊದಲ ಸಲ ಅವನ ಮುಖ ಬಿಚ್ಚಿಕೊಂಡಿತು.

ಕಳ್ಳಂಬೆಳ್ಳ ಕೆರೆಯ ಆಚೆ ದಂಡೆಯ ಹುಣಿಸೆ ತೋಪಿನಲ್ಲಿ, ಭೀಮರಾಜುವಿನ ಊರಿಗೆ ಕೂಗಳತೆಯಲ್ಲಿ, ಸೊಂಟದೆತ್ತರದ ಗಾರೆಯ ಗೋರಿ. ತಲೆಯ ಕಡೆ ಒಂದು ಬರಹದ ಕಲ್ಲು. ಯಾರೋ ಬಿಳಿಯರ ದೊರೆ ಮಲಗಿದ್ದಾನೆಂದು ಊರವರಿಗೆ ಅದು ದೊರೆಯಪ್ಪ. ಹರಕೆ ಹೊತ್ತವರು ಬೀಡಿ ಹಚ್ಚಿ ಇಡುತ್ತಿದ್ದರು, ಒಂದು ಲೋಟ ಬ್ರಾಂದಿ ಸುರಿಯುತ್ತಿದ್ದರು. ದೊರೆ ಎಂದಮೇಲೆ ಕುಡಿಯದೆ ಇರುತ್ತಾನೆಯೇ? ಇದರ ಪೂಜೆ ಮಾಡುತ್ತಿದ್ದವಳು ಭೀಮರಾಜುವಿನ ಅಜ್ಜಿ. ಊರ ಗುಡಿಯ ಹೊಸ್ತಿಲು ದಾಟಲು ಬಿಡದ ಕಾಲದಲ್ಲಿ ಅವಳಿಗೆ ಕೈಯಾರೆ ಮುಟ್ಟಿ ತೊಳೆಯಲು ಸಿಕ್ಕಿದ ದೇವರು ಇದೊಂದೇ.

ವರ್ಷಕ್ಕೊಂದು ದಿನ, ಯುಗಾದಿಗೆ ಮುಂಚೆ, ಅಜ್ಜಿ ಕಲ್ಲನ್ನು ಸೀಗೆಕಾಯಿ ಹಾಕಿ ಉಜ್ಜಿ, ಬೇವಿನ ಕಡ್ಡಿಯಿಂದ ಅಕ್ಷರದೊಳಕ್ಕೆ ಸುಣ್ಣ ತುಂಬಿಸುತ್ತಿದ್ದಳು. ತುಂಬುವವನು ಭೀಮರಾಜು. ಆ ಇಂಗ್ಲಿಷ್ ಓದಲು ಅಜ್ಜಿಗೂ ಬಾರದು, ಮೊಮ್ಮಗನಿಗೂ ಬಾರದು. ಒಂದೂ ತಪ್ಪಬಾರದೆಂದು ಅಜ್ಜಿ ಒಂದೊಂದು ಅಕ್ಷರಕ್ಕೂ ಹೆಸರಿಟ್ಟಿದ್ದಳು. ಸುತ್ತಿಕೊಂಡಿದ್ದು ಹಾವು. ನಡುವೆ ಅಡ್ಡಪಟ್ಟಿಯಿದ್ದದ್ದು ಸೂರು. ಕುಡುಗೋಲಿನಂತೆ ಬಾಗಿದ್ದು ಕುಡ್ಲು. ಹಾವು, ಸೂರು, ಕುಡ್ಲು, ಕಾಲು ಚಾಚಿದ ಮುದುಕಿ, ಮುರುಕ ಬಾಚಣಿಗೆ, ಬಿಲ್ಲು. ಹೀಗೆ ಐದು ಸಾಲನ್ನೂ ಅಜ್ಜಿ ರಾಗವಾಗಿ ಹೇಳುತ್ತಿದ್ದಳು, ಹುಡುಗ ತುಂಬುತ್ತಿದ್ದ. ಅಜ್ಜಿ ಸತ್ತಮೇಲೆ ಸುಣ್ಣ ನಿಂತಿತು. ಇಪ್ಪತ್ತೈದು ವರ್ಷದ ಎಣ್ಣೆ, ಅರಿಶಿನ, ಮಸಿ ಸೇರಿ ಕಲ್ಲಿನ ಮೇಲೆ ಹಪ್ಪಳದಂತೆ ಕಟ್ಟಿ ಅಕ್ಷರ ಮುಚ್ಚಿಹೋಯಿತು.

ಅದು ಮುಚ್ಚಿದ್ದು ಭೀಮರಾಜುವಿಗೆ ಒಳಗೊಳಗೇ ನಿರಾಳವಾಗಿತ್ತು. ಯಾಕೆಂದರೆ ಮೂರು ಹುಲಿಯ ಕಥೆ ಅಜ್ಜಿಯದಲ್ಲ, ಅವನದೇ. ಕಲ್ಲಿನಲ್ಲಿ ಅವನಿಗೆ ಓದಲು ಬರುತ್ತಿದ್ದದ್ದು ಅಂಕಿಗಳು ಮಾತ್ರ: ಒಂದು ಕಡೆ ಇಸವಿ, 1837, ಕೊನೆಯ ಸಾಲಿನಲ್ಲಿ ಒಂಟಿ 3. ಗಾಡಿ ಕೊಂಡ ಹೊಸತರಲ್ಲಿ ಮೊದಲ ಪ್ರವಾಸಿಗನೊಬ್ಬ, "ಇಲ್ಲಿ ಮೂರು ಅಂತ ಕಾಣ್ತದಲ್ಲ, ಏನದು?" ಎಂದು ಕೇಳಿದ. ಗೊತ್ತಿಲ್ಲ ಎನ್ನುವುದು ಭೀಮರಾಜುವಿನ ಜಾಯಮಾನವಲ್ಲ. "ಮೂರು ಹುಲಿ ಹೊಡೆದಿದ್ದ ಸಾ ನಮ್ಮ ದೊರೆ," ಎಂದುಬಿಟ್ಟ. ಆಮೇಲೆ ಬಿಳಿ ಕುದುರೆ ಬಂತು, ಮೂರನೇ ಹುಲಿ ಸಾಯುತ್ತ ಸಾಯುತ್ತ ದೊರೆಯನ್ನೂ ಕರೆದುಕೊಂಡು ಹೋದದ್ದು ಬಂತು. ಊರವರೇ ಈಗ ಆ ಕಥೆಯನ್ನು ಅವನಿಗೆ ಹೇಳುತ್ತಿದ್ದರು. ಯಾರಾದರೂ ಓದಿದವರು ಕಲ್ಲಿನ ಹತ್ತಿರ ಬಗ್ಗಿದರೆ, "ಚಪ್ಪಲಿ ಬಿಡ್ರಿ! ದೂರ ನಿಲ್ರಿ!" ಎಂದು ಗದರಿಸಿ ಓಡಿಸುತ್ತಿದ್ದ.

ಈ ಸಲ ಬೇರೆ ದಾರಿ ಇರಲಿಲ್ಲ. ಬರಹದ ಫೋಟೊ ಬೇಕೆಂದು ಸಮಿತಿಯ ಕಾಗದದಲ್ಲೇ ಇತ್ತು. ಹೋದ ವಾರ ಊರಿನಲ್ಲಿ ಹೇಳಿ ಬಂದಿದ್ದ: "ಸಾಹೇಬ್ರು ಬತ್ತಾರೆ. ದೊರೆಯಪ್ಪನ್ನ ಚೊಕ್ಕ ಮಾಡಿ ಇಡ್ರಿ."

ಶಿರಾದಿಂದ ದಾರಿಯುದ್ದಕ್ಕೂ ಸಾಹೇಬರಿಗೆ ಹುಲಿಗಳ ಕಥೆ ಹೇಳಿದ್ದ. ಪ್ರಸನ್ನ ಕುಮಾರ್ ಅದನ್ನು ಫೋನಿನಲ್ಲಿ ರೆಕಾರ್ಡು ಮಾಡಿಕೊಂಡು, "ಭಾಳ ಚೆನ್ನಾಗಿದೆ" ಎಂದಿದ್ದರು. ತೋಪಿನ ಹತ್ತಿರ ಗಾಡಿ ನಿಂತಿತು. ಭೀಮರಾಜು ಇಳಿದು ನಾಲ್ಕು ಹೆಜ್ಜೆ ಹಾಕಿದವನು ಹಾಗೇ ನಿಂತ.

ಗೋರಿ ಹೊಳೆಯುತ್ತಿತ್ತು. ಕೆಳಗಿನಿಂದ ಮೇಲಿನವರೆಗೆ ತಿಳಿಹಸಿರು ಟೈಲ್ಸು, ಬಚ್ಚಲುಮನೆಗೆ ಹಾಕುವಂಥದ್ದು, ಒಂದು ಬಿಟ್ಟು ಒಂದಕ್ಕೆ ಕಿತ್ತಳೆ ಬಣ್ಣದ ಮೀನು. ಬರಹದ ಕಲ್ಲಿನ ಮೇಲೂ ಸಿಮೆಂಟು ಮೆತ್ತಿ ಟೈಲ್ಸು ಕೂರಿಸಿತ್ತು. ಪಕ್ಕದಲ್ಲಿ ಹನುಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒದ್ದೆ ಬಟ್ಟೆಯಿಂದ ಮೀನುಗಳನ್ನು ಒರೆಸುತ್ತಿದ್ದಳು. ದೊಡ್ಡರಂಗಪ್ಪನ ಹೆಂಡತಿ, ತೋಪಿನ ಪಕ್ಕದ ಹೊಲ ಅವರದು.

"ಹನುಮಕ್ಕೋ! ಏನವ್ವಾ ಮಾಡ್ಬುಟ್ಟೆ?"

"ನೀನೇ ಹೇಳಿದ್ಯಲ್ಲೋ ಭೀಮ, ಚೊಕ್ಕ ಮಾಡಿ ಅಂತ. ನನ್ನ ಮಗಳು ತೇಜಸ್ವಿನಿಗೆ ಮದ್ವೆಯಾಗಿ ಒಂಬತ್ತು ವರ್ಷಕ್ಕೆ ಮಗ ಆಯ್ತಲ್ಲಾ, ಹರಕೆ ಇತ್ತು. ಎಂಗೂ ಸಾಹೇಬ್ರು ಬತ್ತಾರೆ, ಎಲ್ಡೂ ಒಟ್ಟಿಗೇ ಆಗ್ಲಿ ಅಂತ ಹಾಕಿಸ್ಬುಟ್ಟೆ. ಹೆಂಗೈತೆ?"

"ಹೆಂಗೈತೆ ಅಂತ ಬೇರೆ ಕೇಳ್ತೀಯಾ? ಕಲ್ಲೆಲ್ಲವ್ವಾ? ಬರೆದಿದ್ದ ಕಲ್ಲು?"

"ಒಳಗೇ ಐತೆ ಕಣ್ಲಾ. ಎಲ್ಲಿಗೆ ಹೋಯ್ತದೆ? ಕರ್ರಗೆ, ಜಿಡ್ಡಿಡ್ಕಂಡು, ಅಸಿಂಗ ಕಾಣ್ತಿತ್ತು."

ಎರಡು ದಿನದ ಬೀಗ ಅಲ್ಲಿ ಮುರಿಯಿತು. ಭೀಮರಾಜು ಹನುಮಕ್ಕನನ್ನು ಬೈದ, ಟೈಲ್ಸು ಕೂರಿಸಿದ ಗಾರೆಯವನನ್ನು ಬೈದ, ಮೀನನ್ನು ಬೈದ, ತುಮಕೂರಿನ ಕಾರ್ಡನ್ನು ಬೈದ, ಊರಿನಲ್ಲಿ ಹುಟ್ಟಿದ್ದಕ್ಕೆ ತನ್ನನ್ನೇ ಬೈದುಕೊಂಡ. ಹುಣಿಸೆಮರದ ಕಾಗೆಗಳು ಎದ್ದುಹೋದವು. ಹನುಮಕ್ಕ ಒರೆಸುವುದನ್ನು ನಿಲ್ಲಿಸಲಿಲ್ಲ.

"ಆಯ್ತಾ? ಇನ್ನೂ ಐತಾ?" ಎಂದಳು.

ಪ್ರಸನ್ನ ಕುಮಾರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಹೋಗ್ಲಿ ಬಿಡಿ. ಬರಹ ಇಲ್ಲ ಅಂದ್ಮೇಲೆ ನಾನು ಏನಂತ ಬರೀಲಿ? ಸುಮ್ನೆ ಟೈಲ್ಸ್ ಹಾಕಿರೋ ಕಟ್ಟೆ ಅಂತಲಾ?"

"ಬರಹ ಐತೆ ಸಾ," ಎಂದ ಭೀಮರಾಜು, ಏದುಸಿರು ಬಿಡುತ್ತ. "ಕಲ್ಲು ಮುಚ್ಚಿದ್ರೆ ಮುಚ್ಚಲಿ. ಬರಹ ನನ್ನತ್ರ ಐತೆ."

ಸಾಹೇಬರನ್ನು ಓಮ್ನಿಯ ಹಿಂದಕ್ಕೆ ಕರೆತಂದ. ಧೂಳು ಕೂತ ಗಾಜಿನ ಮೇಲೆ ತೋರುಬೆರಳಿಟ್ಟು ಕಣ್ಣು ಮುಚ್ಚಿಕೊಂಡ. ಅಜ್ಜಿಯ ರಾಗ ಗಂಟಲಿಗೆ ತಾನಾಗಿ ಬಂತು. "ಹಾವು... ಸೂರು... ಕುಡ್ಲು... ಕಾಲು ಚಾಚಿದ ಮುದುಕಿ..." ಬೆರಳು ಓಡತೊಡಗಿತು. ಒಂದು ಸಾಲು ಆಯಿತು, ಎರಡು ಆಯಿತು. ಮೂರನೇ ಸಾಲು ಚಿಕ್ಕದು: "ಬಾಚಣಿಗೆ, ಜೋಡಿಬೆಟ್ಟ, ಜೋಡಿಬೆಟ್ಟ, ಸೂರು." ನಾಲ್ಕನೆಯದರಲ್ಲಿ ಇಸವಿ. ಐದನೆಯದರಲ್ಲಿ, "ಸೂರು, ಹಿಡಿ ಕುಡ್ಲು, ಬಾಚಣಿಗೆ, ಬಿಲ್ಲು" ಎಂದು ಬರೆದು, ಪಕ್ಕದಲ್ಲಿ ಮೂರು ಹಾಕಿ, ಉಳಿದ ಅಕ್ಷರಗಳನ್ನೂ ಎಳೆದು ಕಣ್ಣು ಬಿಟ್ಟ.

ಪ್ರಸನ್ನ ಕುಮಾರ್ ಗಾಜಿಗೆ ಮುಖ ತಂದು ಓದಿದರು. ಮೊದಲು ತುಟಿಯಲ್ಲೇ ಓದಿದರು. ಆಮೇಲೆ ಇನ್ನೊಂದು ಸಲ. ತಿರುಗಿ ಭೀಮರಾಜುವನ್ನು ನೋಡಿದಾಗ ಅವರ ಮುಖದಲ್ಲಿ ಎರಡು ದಿನದಲ್ಲಿ ಇಲ್ಲದ ಏನೋ ಇತ್ತು.

"ಒಂದಕ್ಷರ ತಪ್ಪಿಲ್ಲ ಕಣ್ರೀ. ನಿಮಗೆ ಇಂಗ್ಲಿಷ್ ಬರಲ್ಲ ಅಂದ್ರಲ್ಲ?"

"ಬರಲ್ಲ. ಏನೈತೆ ಸಾ ಅದ್ರಲ್ಲಿ? ಹುಲಿ ಐತಾ?"

"ಇಲ್ಲ." ಸಾಹೇಬರು ಗಾಜಿನ ಸಾಲುಗಳ ಕಡೆ ಬೆರಳು ತೋರಿಸಿದರು. "ಇಲ್ಲಿ ದೊರೆಯೂ ಇಲ್ಲ, ಹುಲಿಯೂ ಇಲ್ಲ ಭೀಮರಾಜು. ಇದು ಒಂದು ಹೆಣ್ಣುಮಗುವಿನ ನೆನಪಿಗೆ ಅಂತ ಇದೆ. ಎಮ್ಮಾ ಅಂತ ಹೆಸರು. ಸಾವಿರದ ಎಂಟುನೂರ ಮೂವತ್ತೇಳು. ಈ ಮೂರು ಇದೆಯಲ್ಲ, ಅದು ವಯಸ್ಸು. ಮೂರು ವರ್ಷ."

ಭೀಮರಾಜು ಗಾಜನ್ನೇ ನೋಡುತ್ತಿದ್ದ. ಇಪ್ಪತ್ತೆರಡು ವರ್ಷ, ಅದೆಷ್ಟು ಜನಕ್ಕೆ ಬಿಳಿ ಕುದುರೆ ಹತ್ತಿಸಿ ತೋರಿಸಿದ್ದನೋ! ಅದೆಷ್ಟು ಬೀಡಿ ಹಚ್ಚಿಟ್ಟಿದ್ದನೋ!

"ಅಯ್ಯೋ ಶಿವನೇ," ಎಂದಳು ಹಿಂದಿನಿಂದ ಹನುಮಕ್ಕ. ಒದ್ದೆ ಬಟ್ಟೆ ಅವಳ ಕೈಯಲ್ಲೇ ಇತ್ತು. "ಮೂರು ವರ್ಷದ ಕೂಸಿಗೆ ಬ್ರಾಂದಿ ಕುಡಿಸ್ತಿದ್ವಾ ಇಷ್ಟು ದಿನ?"

ಸಾಹೇಬರು ಚುರುಕಾದರು. "ನೋಡಿ, ಕಥೆ ತಪ್ಪಾದ್ರೂ ಪರವಾಗಿಲ್ಲ. ಬರಹ ಬಾಯಿಪಾಠ ಇದೆ ಅಂದ್ರೆ ಅದಕ್ಕಿಂತ ವಿಶೇಷ ಜ್ಞಾನ ಏನು ಬೇಕು? ನಾನು ಬರೀತೀನಿ. ಆದ್ರೆ ಧೂಳಿನ ಮೇಲೆ ಬರೆದದ್ದನ್ನ ಸಮಿತಿ ಒಪ್ಪಲ್ಲ, ಮೂಲ ಕಲ್ಲಿನ ಫೋಟೊನೇ ಬೇಕು. ನಾಲ್ಕು ಟೈಲ್ಸ್ ಒಡೆದ್ರೆ ಮುಗೀತು. ಏನಾದ್ರೂ ಇದೆಯಾ ಗಾಡೀಲಿ?"

ಗಾಡಿಯಲ್ಲಿ ಜಾಕಿನ ರಾಡಿತ್ತು. ಭೀಮರಾಜು ಯೋಚನೆ ಮಾಡಲಿಲ್ಲ. ತೆಗೆದುಕೊಂಡು ಗೋರಿಯ ತಲೆಯ ಕಡೆ ಬಂದ. ಅಷ್ಟರಲ್ಲಿ ಹನುಮಕ್ಕ ಕಲ್ಲಿನ ಟೈಲ್ಸಿಗೆ ಬೆನ್ನು ಕೊಟ್ಟು ಕೂತಾಗಿತ್ತು.

"ಏಳವ್ವ ಹನುಮಕ್ಕ. ಹೊಸಾದು ನಾನೇ ಹಾಕಿಸ್ಕೊಡ್ತೀನಿ."

"ಹರಕೆದು ಒಡೆದ್ಮೇಲೆ ಹೊಸದು ಹಾಕೋದು ಯಾವ ಬಾಯಿಗೆ? ನನ್ನ ಮೊಮ್ಮಗ ಇನ್ನೂ ಕುತ್ತಿಗೆ ನಿಲ್ಲಿಸಿಲ್ಲ ಕಣ್ಲಾ."

"ನನ್ನ ಅನ್ನದ ಪ್ರಶ್ನೆ ಅವ್ವಾ ಇದು! ಕಾರ್ಡ್ ಇಲ್ದಿದ್ರೆ ನಾಳೆಯಿಂದ ನಾನು ಬೆಟ್ಟದ ಕೆಳಗೆ ನಾಯಿ ಕೂತಂಗೆ ಕೂರಬೇಕು!"

"ಹಂಗಾರೆ ಹೊಡಿ." ಹನುಮಕ್ಕ ಕದಲಲಿಲ್ಲ. ಅವಳ ದನಿಯೂ ಏರಲಿಲ್ಲ. "ದೊರೆ ಆಗಿದ್ರೆ ನಾನೇ ಎದ್ದು ಬುಡ್ತಿದ್ನೇನೋ. ಒಳಗೆ ಮಗು ಮಲಗೈತೆ ಅಂತ ನೀನೇ ಬರೆದು ತೋರಿಸ್ದೆ. ಮಗು ತಲೆ ಹತ್ರ ಕುಟ್ತೀನಿ ಅಂದ್ರೆ ಕುಟ್ಟು."

ರಾಡು ಎತ್ತಿದ್ದು ಎತ್ತಿದಂತೇ ಇತ್ತು. ಭೀಮರಾಜುವಿಗೆ ಹನುಮಕ್ಕನ ಭುಜದ ಹಿಂದಿನ ಒಂದು ಮೀನು ಕಂಡಿತು, ಅದರ ಗುಂಡಗಿನ ಕಣ್ಣು ಕಂಡಿತು. ಹೊಡೆಯಬೇಕು ಎಂದುಕೊಂಡ. ಮತ್ತೆ ಎಂದುಕೊಂಡ. ಕೈ ಕೇಳಲಿಲ್ಲ.

"ಬೇಗ ಮಾಡಿ ಭೀಮರಾಜು, ಬೆಳಕು ಹೋಗ್ತದೆ," ಎಂದರು ಪ್ರಸನ್ನ ಕುಮಾರ್.

ರಾಡು ಹುಣಿಸೆಮರದ ಬೊಡ್ಡೆಗೆ ಹೋಗಿ ಬಡಿದು ಬಿತ್ತು.

"ಬೆಳಕು ಹೋದ್ರೆ ಹೋಗ್ಲಿ ರೀ! ನೀವೂ ಹೋಗ್ರಿ! ಅಷ್ಟಕ್ಷರ ನಾನು ಕಣ್ಮುಚ್ಕೊಂಡು ಬರೆದಿವ್ನಿ, ನೀವು ಕಣ್ಬುಟ್ಕೊಂಡು ಓದಿದ್ರಿ. ಓದಿದೋರು ನೀವು ಸಾಕ್ಷಿ ಅಲ್ವಂತೆ, ಕಲ್ಲು ಸಾಕ್ಷಿಯಂತೆ! ನಿಮ್ಮ ಕಾರ್ಡು ನಿಮ್ಮ ಕೊರಳಿಗೇ ಹಾಕ್ಕಳಿ!"

"ನಾನು ನಿಮಗೆ ಸಹಾಯ ಆಗ್ಲಿ ಅಂತ..."

"ಮಾಡಿದ್ದಾಯ್ತು. ಹತ್ರಿ ಗಾಡಿ."

ಬೈದವನೇ ಬೈಸಿಕೊಂಡವರನ್ನು ಶಿರಾದವರೆಗೆ ಕೂರಿಸಿಕೊಂಡು ಹೋಗಬೇಕಾಯಿತು, ಬೇರೆ ಗಾಡಿಯಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದ ಪ್ರಸನ್ನ ಕುಮಾರ್ ಹಿಂದಿನ ಗಾಜಿನ ಒಂದು ಫೋಟೊ ತೆಗೆದುಕೊಂಡರು, ಏನೋ ಹೇಳಲು ನೋಡಿದರು, ಬಸ್ಸು ಬಂತು, ಹತ್ತಿದರು. ರಾತ್ರಿ ಬಿದ್ದ ಮಳೆಗೆ ಗಾಜು ತೊಳೆದುಹೋಯಿತು.

ಹದಿನೈದು ದಿನಕ್ಕೆ ಕಾಗದ ಬಂತು. ಸಹನಾ ಓದಿ ಮಡಚಿಟ್ಟಳು. ಕಾರ್ಡು ಸಿಕ್ಕಿರಲಿಲ್ಲ. ಆಮೇಲಿನಿಂದ ಭೀಮರಾಜು ಮಧುಗಿರಿಯ ಪಾರ್ಕಿಂಗಿನಲ್ಲಿ ಬಾಗಿಲು ತೆರೆದುಕೊಂಡು ಕೂರುತ್ತಿದ್ದ. ಮಧ್ಯಾಹ್ನ ಹನ್ನೆರಡಕ್ಕೆ ಜನರನ್ನು ಬರಿಗಾಲಲ್ಲಿ ಹತ್ತಿಸುತ್ತಿದ್ದ ಹೊಸ ಕಾರ್ಡಿನವರನ್ನು ನೋಡಿ ತನ್ನ ಸ್ಟಿಯರಿಂಗನ್ನು ಗುದ್ದುತ್ತಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಊರಿಗೆ ಬಂದಾಗ ತೋಪಿನಲ್ಲಿ ಮಿನಿಬಸ್ಸು ನಿಂತಿತ್ತು. ಗೋರಿಯ ಸುತ್ತ ಹದಿನೈದು ಇಪ್ಪತ್ತು ಜನ. ಮಧ್ಯದಲ್ಲಿ ಶಿರಾದ ರೇವಂತ್, ಕೊರಳಲ್ಲಿ ಕಾರ್ಡು, ಕೈಯಲ್ಲಿ ಸಮಿತಿ ಅಚ್ಚು ಹಾಕಿಸಿದ ಪುಸ್ತಿಕೆ.

"ಈ ದೊರೆ ಬಿಳಿ ಕುದುರೆ ಮೇಲೆ ಬಂದು ಇದೇ ತೋಪಲ್ಲಿ ಮೂರು ಹುಲಿ ಹೊಡೆದರು," ಎನ್ನುತ್ತಿದ್ದ ರೇವಂತ್. "ಮೂರನೇ ಹುಲಿ ಸಾಯ್ತಾ ಸಾಯ್ತಾ..."

ಅದು ಭೀಮರಾಜುವಿನ ಮಾತು, ಭೀಮರಾಜುವಿನದೇ ಎಳೆತ, ಅವನು ಉಸಿರು ತೆಗೆದುಕೊಳ್ಳುವ ಕಡೆಯಲ್ಲೇ ಉಸಿರು. ಧೂಳಿನ ಮೇಲಿನ ಬರಹವನ್ನು ಒಪ್ಪದ ಸಮಿತಿ, ಸಾಹೇಬರ ಫೋನಿನಲ್ಲಿ ರೆಕಾರ್ಡಾದದ್ದನ್ನು ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿತ್ತು. ಯಾರೋ ಒಬ್ಬರು ನಗುತ್ತ ಕ್ವಾರ್ಟರ್ ಬಾಟಲಿಯೊಂದನ್ನು ಗೋರಿಯ ಮೇಲಿಟ್ಟು ಫೋಟೊ ತೆಗೆಸಿಕೊಳ್ಳುತ್ತಿದ್ದರು.

"ಹುಲಿ ಇಲ್ಲ ಕಣ್ಲೇ ಅಲ್ಲಿ!" ಭೀಮರಾಜುವಿನ ಗಂಟಲು ತೋಪಿನ ಆ ತುದಿಯಿಂದಲೇ ಕೇಳಿತು. "ಮಗು ಕಣ್ಲಾ ಅದು! ತೆಗೀರಿ ಆ ಬಾಟ್ಲಿ!"

ರೇವಂತ್ ತಿರುಗಿದ. "ಏನು ಭೀಮಣ್ಣ, ಅಚ್ಚಲ್ಲೇ ಐತಲ್ಲ. ನೀನೇ ಹೇಳಿದ್ದಂತೆ?"

"ನಾನು ಹೇಳಿದ್ದು ಸುಳ್ಳು!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೇವಂತ್ ಕೊರಳಿನ ಕಾರ್ಡನ್ನು ಸರಿಮಾಡಿಕೊಂಡು ಮೆಲ್ಲಗೆ, "ಕಾರ್ಡ್ ಇಲ್ದೋರು ಮಾತಾಡೋ ಹಂಗಿಲ್ಲ ಅಣ್ಣಾ, ನನಗೆ ತೊಂದ್ರೆ ಆಯ್ತದೆ," ಎಂದ.

ಭೀಮರಾಜು ತಿರುಗಿ ಸರಸರ ನಡೆದ. ಹನುಮಕ್ಕನ ಹೊಲದ ಮನೆಗೆ ಹೋಗಿ ಒಂದು ಚಿಪ್ಪಿನಲ್ಲಿ ಸುಣ್ಣ ಕಲಸಿಕೊಂಡು, ಬೇವಿನ ಕಡ್ಡಿ ಮುರಿದುಕೊಂಡು ಬಂದ. ಹಿಂದೆಯೇ ಹನುಮಕ್ಕ ಬಂದಳು. ಬಾಟಲಿ ಎತ್ತಿ ಮಡಿಲಿಗೆ ಹಾಕಿಕೊಂಡು, ಅದರ ಜಾಗದಲ್ಲಿ ಎರಡು ಬಿಸ್ಕತ್ತು ಇಟ್ಟಳು.

"ಬರಿ," ಎಂದಳು. "ಮೀನಿನ ಮೇಲೆ ಮಾತ್ರ ಬರಿಬ್ಯಾಡ."

ಅವನು ತಲೆಯ ಕಡೆಯ ಟೈಲ್ಸಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತ. ಜನಕ್ಕೆಲ್ಲ ಕೇಳುವಂತೆ, ಸಿಟ್ಟಿನ ರಾಗದಲ್ಲಿ ಶುರುಮಾಡಿದ: "ಹಾವು. ಸೂರು. ಕುಡ್ಲು." ಹಿಂದೆ ನಿಂತವರು ಒಬ್ಬೊಬ್ಬರಾಗಿ ಓದುತ್ತ ಬಂದು, ಮೂರನೇ ಸಾಲಿನ ಎಮ್ಮಾ ಎಂಬ ಹೆಸರಿಗೆ ಬಂದು ನಿಂತರು. ಕೊನೆಯಲ್ಲಿ, ಓದಲು ಅವನಿಗೂ ಬರುತ್ತಿದ್ದ ಆ ಅಂಕಿಯ ಹತ್ತಿರ, ಕಡ್ಡಿಯನ್ನು ಎಷ್ಟು ಒತ್ತಿದನೆಂದರೆ ಅದು ಮುರಿಯಿತು. ಉಳಿದ ತುಂಡಿನಿಂದಲೇ ಮೂರನ್ನು ತಿದ್ದಿ ಬರೆದ.